ಸೀಗಡಿಯ ರೋಗನಿರೋಧಕ ವಂಶವಾಹಿಗಳು ಮತ್ತು ವೈರಸ್ ರೋಗ: ಸವಳು ನೀರಿನ ಸಾಕಣೆಗೆ ಇಳಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಅಥಣಿ, ರಾಯಬಾಗ, ಜಮಖಂಡಿ, ಮುಧೋಳ ಕಡೆ ಕಬ್ಬಿಗೆ ನೀರು ಹಾಯಿಸಿ ಹಾಯಿಸಿ ಸವಳು-ಜವಳಾದ ಎರಿ ಭೂಮಿ ಸಾಕಷ್ಟಿದೆ. ವಿಜಯಪುರದ ಡೋಣಿ ಸಾಲಿನಲ್ಲಂತೂ ಉಪ್ಪುನೀರಿನ ಬಾವಿ ಹೊಸದಲ್ಲ. ಹರಿಯಾಣ, ಪಂಜಾಬಿನ ಇಂಥದೇ ನೆಲದಲ್ಲಿ ವೆನಾಮಿ ಸೀಗಡಿ ಬೆಳೆಯುತ್ತಿದ್ದಾರೆಂದು ಕೇಳಿದವರು ಇಲ್ಲೂ ಹೊಂಡ ತೋಡುವ ಲೆಕ್ಕ ಹಾಕುತ್ತಾರೆ. ಅವರು ಕೇಳುವ ಮೊದಲ ಪ್ರಶ್ನೆ ದರದ್ದು, ಎರಡನೆಯದು ರೋಗದ್ದು. ದರದ ಮಾತು ಇಲ್ಲಿಲ್ಲ. ಜೀವಶಾಸ್ತ್ರ ಓದುವ ಹುಡುಗರು ಪ್ರಾಜೆಕ್ಟ್‌ಗಾಗಿ ಕೇಳುವ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇವೆ.

ಕೋಳಿಗೆ ರಾಣಿಖೇತ್ ಲಸಿಕೆ ಇದೆ, ಆಡು-ಕುರಿಗೆ ಪಿಪಿಆರ್ ಲಸಿಕೆ ಇದೆ. ಸೀಗಡಿಗೆ ಯಾಕಿಲ್ಲ?

ಲಸಿಕೆ ಕೆಲಸ ಮಾಡಬೇಕಾದರೆ ಹಳೆಯ ವೈರಿಯ ಗುರುತು ಇಟ್ಟುಕೊಳ್ಳುವ ಜೀವಕೋಶ ಬೇಕು, ಆ ಗುರುತಿಗೆ ತಕ್ಕ ಪ್ರತಿಕಾಯ ತಯಾರಿಸುವ ವ್ಯವಸ್ಥೆ ಬೇಕು. ಕೋಳಿ, ಕುರಿ, ಮನುಷ್ಯನಲ್ಲಿ ಅದಿದೆ. ಸೀಗಡಿಯಲ್ಲಿ ಪ್ರತಿಕಾಯವೂ ಇಲ್ಲ, ಟಿ ಕೋಶ, ಬಿ ಕೋಶಗಳೂ ಇಲ್ಲ. ಅದಕ್ಕಿರುವುದು ಹುಟ್ಟಿನಿಂದಲೇ ಬಂದ ರಕ್ಷಣೆ ಮಾತ್ರ.

ಅದರ ರಕ್ತ ನೋಡಿದರೂ ವ್ಯತ್ಯಾಸ ಕಾಣುತ್ತದೆ. ಕಬ್ಬಿಣದ ಬದಲು ತಾಮ್ರವಿರುವ ಹಿಮೋಸಯನಿನ್ ಆಮ್ಲಜನಕ ಹೊರುವುದರಿಂದ ಅದು ಕೆಂಪಾಗಿರುವುದಿಲ್ಲ, ಬಣ್ಣವಿಲ್ಲದೆ ಅಥವಾ ತಿಳಿ ನೀಲಿಯಾಗಿರುತ್ತದೆ. ಅದರಲ್ಲಿ ತೇಲುವ ರಕ್ತಕಣಗಳು ಮೂರು ಬಗೆ: ಹರಳಿಲ್ಲದವು, ಅರೆಹರಳಿನವು, ಹರಳು ತುಂಬಿದವು. ನುಂಗುವುದು, ಸುತ್ತುಗಟ್ಟುವುದು, ಗಾಯ ಮುಚ್ಚುವುದು, ವಿಷಕಾರಿ ಪ್ರೊಟೀನು ಸುರಿಯುವುದು ಎಲ್ಲಾ ಇವುಗಳದೇ ಕೆಲಸ.

ನೆನಪು ಸುತರಾಂ ಇಲ್ಲವೆಂದೂ ಹೇಳುವಂತಿಲ್ಲ. ಬಿಳಿಚುಕ್ಕೆ ಎಂಬ ವೈರಸ್ ರೋಗದಿಂದ ಬದುಕುಳಿದ ಕುರುಮಾ ಜಾತಿಯ ಸೀಗಡಿಗಳು ಕೆಲವು ವಾರ ಮತ್ತೆ ಅದೇ ವೈರಸ್ಸನ್ನು ತಾಳಿಕೊಂಡದ್ದು ದಾಖಲಾಗಿದೆ. ಆದರೆ ಆ ತಾಳಿಕೆ ಬೇಗ ಕರಗುತ್ತದೆ. ನಾಲ್ಕು ತಿಂಗಳ ಬೆಳೆಗೆ ಅದನ್ನು ನಂಬಿ ಕೂರಲಾಗದು.

‘ರೋಗನಿರೋಧಕ ವಂಶವಾಹಿ’ ಎಂದರೆ ನಿರ್ದಿಷ್ಟವಾಗಿ ಯಾವುವು?

ಒಂದು ವಂಶವಾಹಿಯಲ್ಲ, ದೊಡ್ಡ ಬಳಗ. ಕೆಲಸದ ಪ್ರಕಾರ ವಿಂಗಡಿಸಿದರೆ ಅರ್ಥವಾಗುತ್ತದೆ.

ಮೊದಲು ಗುರುತು ಹಿಡಿಯುವವು. ಸಿ-ಬಗೆಯ ಲೆಕ್ಟಿನ್‌ಗಳು, ಗ್ಲುಕನ್‌ಗೆ ಅಂಟುವ ಪ್ರೊಟೀನು, ಟೋಲ್ ಗ್ರಾಹಕಗಳು ಈ ಗುಂಪಿನವು. ‘ಒಳಗೆ ಯಾರೋ ಬಂದಿದ್ದಾರೆ’ ಎಂಬ ಸುದ್ದಿ ಇವುಗಳಿಂದ ಹೊರಡುತ್ತದೆ. ಟೋಲ್, ಐಎಂಡಿ, ಜ್ಯಾಕ್-ಸ್ಟ್ಯಾಟ್ ಎಂಬ ಮೂರು ದಾರಿಗಳಲ್ಲಿ ಅದು ಕೋಶಕೇಂದ್ರ ತಲುಪುತ್ತದೆ. ಡಾರ್ಸಲ್, ರೆಲಿಶ್, ಸ್ಟ್ಯಾಟ್ ಎಂಬ ಪ್ರೊಟೀನುಗಳು ಅಲ್ಲಿ ಸ್ವಿಚ್ ಒತ್ತುತ್ತವೆ.

ಸ್ವಿಚ್ ಒತ್ತಿದ ಮೇಲೆ ಆಯುಧಗಳು ಬರುತ್ತವೆ. ಪೆನೈಡಿನ್, ಕ್ರಸ್ಟಿನ್, ಎಎಲ್‌ಎಫ್, ಲೈಸೋಝೈಮ್ ಇವುಗಳ ಹೆಸರು. ಬಹುತೇಕ ಬ್ಯಾಕ್ಟೀರಿಯಾ ವಿರುದ್ಧದವಾದರೂ ಕೆಲವು ವೈರಸ್‌ಗೂ ತಾಕುತ್ತವೆ. ಹುಲಿ ಸೀಗಡಿಯ ಎಎಲ್‌ಎಫ್ ಬಗೆಯೊಂದು ಬಿಳಿಚುಕ್ಕೆ ವೈರಸ್‌ನ ಹೊರಪೊರೆಯ ಪ್ರೊಟೀನುಗಳಿಗೆ ಅಂಟಿಕೊಂಡು ಸೋಂಕನ್ನು ತಗ್ಗಿಸುತ್ತದೆ.

ಪ್ರೊಫಿನಾಲ್ ಆಕ್ಸಿಡೇಸ್ ವ್ಯವಸ್ಥೆಯದು ಬೇರೆಯೇ ಬಗೆ. ಸೀಗಡಿಯ ಕಾಲು ಮುರಿದ ಜಾಗ ಕಪ್ಪಾಗುವುದನ್ನು ನೋಡಿರುತ್ತೀರಿ. ಅದು ಕೊಳೆಯಲ್ಲ, ಮೆಲನಿನ್. ಹರಳುಗಳುಳ್ಳ ರಕ್ತಕಣ ಒಡೆದು ಕಿಣ್ವ ಹೊರಬಂದು, ಗಾಯಕ್ಕೆ ಕಪ್ಪು ಬೆಸುಗೆ ಹಾಕಿದ ಗುರುತು.

ವೈರಸ್ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಆರ್‌ಎನ್‌ಎ ಅಡ್ಡಿ. ವೈರಸ್ ಬೆಳೆಯುವಾಗ ಎರಡೆಳೆಯ ಆರ್‌ಎನ್‌ಎ ಹುಟ್ಟುತ್ತದೆ. ಸೀಗಡಿಯ ಜೀವಕೋಶದಲ್ಲಿ ಅದು ಸಾಮಾನ್ಯವಾಗಿ ಉದ್ದುದ್ದ ಸಿಗುವ ವಸ್ತುವಲ್ಲ. ಡೈಸರ್-2 ಅದನ್ನು 21-22 ಅಕ್ಷರದ ತುಂಡುಗಳಾಗಿ ಕೊಚ್ಚುತ್ತದೆ, ಆರ್ಗೊನಾಟ್-2 ಆ ತುಂಡನ್ನೇ ಮಾದರಿಯಾಗಿ ಹಿಡಿದು ವೈರಸ್‌ನ ಸಂದೇಶವನ್ನು ಹುಡುಕಿ ಕತ್ತರಿಸುತ್ತದೆ. ಡೈಸರ್-2ರ ಸುಳಿವಿನಿಂದ ವ್ಯಾಗೊ ಎಂಬ ಪ್ರೊಟೀನೂ ಹೊರಬಿದ್ದು ಪಕ್ಕದ ಕೋಶಗಳನ್ನು ಎಚ್ಚರಿಸುತ್ತದೆ. ನಮ್ಮ ದೇಹದಲ್ಲಿ ಇಂಥದೇ ಎಚ್ಚರಿಕೆ ಕೊಡುವ ಪ್ರೊಟೀನು ಇಂಟರ್‌ಫೆರಾನ್. ಪ್ರತಿಕಾಯವಿಲ್ಲದ ಪ್ರಾಣಿಯ ಇಂಟರ್‌ಫೆರಾನ್ ಇದೇ ಎನ್ನಬಹುದು.

ಕೊನೆಯದು ಆತ್ಮಾಹುತಿ. ಕ್ಯಾಸ್ಪೇಸ್‌ಗಳು ಸೋಂಕಿತ ಕೋಶವನ್ನು ಒಳಗಿಂದಲೇ ಕೊಲ್ಲುತ್ತವೆ. ಬೇಗ ಆದರೆ ವೈರಸ್ ಅಲ್ಲಿಗೇ ನಿಲ್ಲುತ್ತದೆ. ತಡವಾಗಿ, ಎಲ್ಲೆಡೆ ಆದರೆ ಸೀಗಡಿಯೇ ಸಾಯುತ್ತದೆ.

ಇಷ್ಟೆಲ್ಲ ಇದ್ದೂ ಬಿಳಿಚುಕ್ಕೆ ಬಂದರೆ ಹೊಂಡವೇ ಯಾಕೆ ಖಾಲಿಯಾಗುತ್ತದೆ?

ಬಿಳಿಚುಕ್ಕೆ ವೈರಸ್ ದೊಡ್ಡದು. ಅದರ ಡಿಎನ್‌ಎ ಸುಮಾರು 3 ಲಕ್ಷ ಅಕ್ಷರದಷ್ಟು ಉದ್ದ. ತನ್ನದೇ ಸಲಕರಣೆ ಹೊತ್ತುಕೊಂಡು ಬರುವುದರಿಂದ ಮೇಲೆ ಹೇಳಿದ ಹಲವು ರಕ್ಷಣೆಗಳಿಗೆ ಅದರ ಬಳಿ ಉತ್ತರವಿದೆ. ಕೋಶದ ಆತ್ಮಾಹುತಿ ತಡೆಯುವ ಪ್ರೊಟೀನುಗಳಿವೆ. ಮೆಲನಿನ್ ವ್ಯವಸ್ಥೆ ಚಾಲೂ ಆಗದಂತೆ ಅಡ್ಡಗಾಲು ಹಾಕುವುದೂ ಇದೆ.

ಇನ್ನೊಂದು ಕಿತಾಪತಿ ಇದಕ್ಕಿಂತ ಜಾಣತನದ್ದು. ವೈರಸ್ ಮೊದಲು ಚಾಲೂ ಮಾಡುವ ಐಇ-1 ಎಂಬ ವಂಶವಾಹಿಯ ಮುಂದುಗಡೆ ಸೀಗಡಿಯದೇ ಸ್ಟ್ಯಾಟ್ ಬಂದು ಕೂರುವ ಜಾಗವಿದೆ. ಅಂದರೆ ರಕ್ಷಣೆಗೆಂದು ಸೀಗಡಿ ಒತ್ತಿದ ಸ್ವಿಚ್ಚಿನಿಂದಲೇ ವೈರಸ್ ತನ್ನ ದೀಪ ಹಚ್ಚಿಕೊಳ್ಳುತ್ತದೆ. ‘ಈ ಔಷಧ ರೋಗನಿರೋಧಕ ವಂಶವಾಹಿಯನ್ನು ಹತ್ತು ಪಟ್ಟು ಏರಿಸುತ್ತದೆ’ ಎಂಬ ಜಾಹೀರಾತು ಓದುವಾಗ ಇದು ನೆನಪಿರಲಿ. ಏರಿಕೆ ಎಂದ ಮಾತ್ರಕ್ಕೆ ರಕ್ಷಣೆ ಅಲ್ಲ. ಸೋಂಕು ತಗುಲಿಸಿ, ಔಷಧ ಕೊಟ್ಟ ಗುಂಪಿನಲ್ಲಿ ಎಷ್ಟು ಬದುಕಿದವು, ಕೊಡದ ಗುಂಪಿನಲ್ಲಿ ಎಷ್ಟು ಎಂದು ಕೇಳಿ. ಆ ಲೆಕ್ಕವಿಲ್ಲದಿದ್ದರೆ ಉಳಿದದ್ದು ಬರೀ ಗ್ರಾಫು.

ಆಮೇಲೆ ವೇಗ. ಮೊದಲ ಲಕ್ಷಣದಿಂದ 3ರಿಂದ 10 ದಿನದೊಳಗೆ ಬಹುತೇಕ ಎಲ್ಲವೂ ಸಾಯಬಹುದು. ಸತ್ತದ್ದನ್ನು ಬದುಕಿದ್ದು ತಿನ್ನುತ್ತದೆ, ಸೋಂಕು ಅಲ್ಲಿಂದ ಮುಂದಕ್ಕೆ ಹೋಗುತ್ತದೆ.

ಹ್ಯಾಚರಿಯವರು ‘ಎಸ್‌ಪಿಎಫ್ ಮರಿ, ರೋಗ ಬರುವುದೇ ಇಲ್ಲ’ ಎನ್ನುತ್ತಾರೆ. ನಂಬಬಹುದೇ?

ಅರ್ಧ ನಂಬಿ. ಹೆಚ್ಚು ಜನ ಎಡವುವುದು ಇಲ್ಲೇ.

ಎಸ್‌ಪಿಎಫ್ ಎಂದರೆ ಪಟ್ಟಿಯಲ್ಲಿರುವ ನಿರ್ದಿಷ್ಟ ರೋಗಾಣುಗಳು ಇಲ್ಲದ್ದು. ಅದು ಆ ಸೀಗಡಿಯ ಇವತ್ತಿನ ಆರೋಗ್ಯದ ಸ್ಥಿತಿ, ರಕ್ತದ ಗುಣವಲ್ಲ. ಎಸ್‌ಪಿಆರ್ ಎಂದರೆ ನಿರ್ದಿಷ್ಟ ರೋಗಾಣು ಅಂಟದ್ದು, ಎಸ್‌ಪಿಟಿ ಎಂದರೆ ಅಂಟಿದರೂ ತಾಳುವಂಥದ್ದು. ಈ ಎರಡು ವಂಶದ ಗುಣಗಳು. ಹೊಲದ ಭಾಷೆಯಲ್ಲಿ ಹೇಳುವುದಾದರೆ, ಎಸ್‌ಪಿಎಫ್ ಎಂಬುದು ಕಳೆಬೀಜವಿಲ್ಲದೆ ತೂರಿ ಕೊಟ್ಟ ಜೋಳ, ಎಸ್‌ಪಿಆರ್ ಎಂಬುದು ಸುಳಿನೊಣ ತಡೆಯುವ ತಳಿ. ತೂರಿದ ಜೋಳಕ್ಕೆ ಸುಳಿನೊಣ ಬರಬಾರದೆಂದೇನೂ ಇಲ್ಲ.

ಭಾರತದಲ್ಲಿ ವೆನಾಮಿ ಸಾಕಣೆಗೆ ಅನುಮತಿ ಸಿಕ್ಕಿದ್ದು 2009ರಲ್ಲಿ. ತಾಯಿ ಸೀಗಡಿ ಹೊರದೇಶದಿಂದ ಬಂದು ಚೆನ್ನೈನ ಜಲಚರ ಕ್ವಾರಂಟೈನ್ ಕೇಂದ್ರದಲ್ಲಿ ತಪಾಸಣೆ ಮುಗಿಸಿ ಹ್ಯಾಚರಿ ಸೇರುತ್ತದೆ. ಅಲ್ಲಿಗೆ ಅದು ಎಸ್‌ಪಿಎಫ್. ಹ್ಯಾಚರಿಯಲ್ಲಿ ಹಸಿ ಪಾಲಿಕೀಟ್ ಹುಳ ತಿಂದು ಸೋಂಕು ತಗುಲಿದರೆ, ಲಾರಿಯಲ್ಲಿ ನೀರು ಬೆರೆತರೆ, ನಿಮ್ಮ ಹೊಂಡದಲ್ಲಿ ಏಡಿ ಸೇರಿದರೆ ಆ ಚೀಟಿಗೆ ಬೆಲೆಯಿಲ್ಲ.

ಹಾಗಾದರೆ ನಿಜವಾದ ನಿರೋಧಕ ತಳಿ ಎಲ್ಲೂ ಆಗಿಲ್ಲವೇ?

ಟೌರಾ ವೈರಸ್ ವಿಷಯದಲ್ಲಿ ಆಗಿದೆ. 1992ರಲ್ಲಿ ಈಕ್ವೆಡಾರ್‌ನಲ್ಲಿ ಕಾಣಿಸಿಕೊಂಡ ಆ ರೋಗ ಅಮೆರಿಕ ಖಂಡದ ಸಾಕಣೆಯನ್ನೇ ಅಲ್ಲಾಡಿಸಿತ್ತು. ಕುಟುಂಬವಾರು ಮರಿ ಬೆಳೆಸಿ, ಒಂದೊಂದು ಕುಟುಂಬದ ಕೆಲವು ಮರಿಗಳಿಗೆ ಸೋಂಕು ತಗುಲಿಸಿ, ಹೆಚ್ಚು ಬದುಕಿದ ಕುಟುಂಬದ ಸೋಂಕು ತಗುಲಿಸದ ಅಣ್ಣತಮ್ಮಂದಿರನ್ನು ಮುಂದಿನ ತಲೆಮಾರಿಗೆ ಆರಿಸಿದರು. ಕೆಲವೇ ತಲೆಮಾರಿನಲ್ಲಿ ಬದುಕುಳಿಯುವ ಪ್ರಮಾಣ ಚೆನ್ನಾಗಿ ಏರಿತು.

ಅದೇ ಹಾದಿ ಬಿಳಿಚುಕ್ಕೆಗೆ ಅಷ್ಟು ಸುಲಭವಾಗಿ ಸಾಗಲಿಲ್ಲ. ಎಲ್ಲ ಕುಟುಂಬಗಳೂ ಸಾಯುವಾಗ ಒಳ್ಳೆಯದು, ಕೆಟ್ಟದ್ದು ಎಂದು ವಿಂಗಡಿಸುವುದಾದರೂ ಹೇಗೆ? ಈ ತಾಳಿಕೆಯಲ್ಲಿ ತಾಯ್ತಂದೆಯಿಂದ ಮರಿಗೆ ದಾಟುವ ಪಾಲೂ ಕಡಿಮೆ. ಮೇಲಾಗಿ ಕೊಲಂಬಿಯಾದ ತಳಿ ಕಾರ್ಯಕ್ರಮದಲ್ಲಿ ಕಂಡಂತೆ, ಬಿಳಿಚುಕ್ಕೆ ತಾಳುವ ಕುಟುಂಬಗಳು ಬೆಳೆಯುವುದರಲ್ಲಿ ಹಿಂದೆ ಬೀಳುತ್ತವೆ. ಮಾರುಕಟ್ಟೆಯಲ್ಲಿ ‘ವೇಗದ ಸಾಲು’, ‘ತಾಳಿಕೆಯ ಸಾಲು’ ಎಂದು ಬೇರೆ ಬೇರೆ ಮರಿ ಮಾರುವುದರ ಹಿಂದಿರುವುದು ಈ ಎಳೆದಾಟವೇ. ಸವಳು ನೀರಿನ ಹೊಸ ಹೊಂಡಕ್ಕೆ ನಮ್ಮ ಆಯ್ಕೆ ತಾಳಿಕೆಯ ಸಾಲು. ಹತ್ತು-ಹದಿನೈದು ದಿನ ತಡವಾಗಿ ಹಿಡಿದರೂ ಲುಕ್ಸಾನಿಲ್ಲ.

ಈಕ್ವೆಡಾರ್‌ನವರು 1999ರ ಬಿಳಿಚುಕ್ಕೆ ಹೊಡೆತದ ನಂತರ ಬೇರೆ ದಾರಿ ಹಿಡಿದರು. ಹೊಂಡದಲ್ಲಿ ಬದುಕಿದ್ದನ್ನೇ ತಾಯಿಯಾಗಿ ಬಳಸಿ, ವಿರಳವಾಗಿ ಬಿಟ್ಟು, ರೋಗದ ಜತೆಗೇ ಬಾಳುವ ಹಾದಿ ಅದು. ಅಂಥ ಸೀಗಡಿ ರೋಗ ತಾಳಬಹುದು, ವೈರಸ್ಸನ್ನೂ ಹೊತ್ತಿರಬಹುದು. ಆದ್ದರಿಂದ ನಮ್ಮ ಕ್ವಾರಂಟೈನ್ ಪದ್ಧತಿಗೆ ಅದು ಹೊಂದುವುದಿಲ್ಲ.

ಮರಿಯ ಡಿಎನ್‌ಎ ಪರೀಕ್ಷೆ ಮಾಡಿಸಿ ‘ನಿರೋಧಕ ವಂಶವಾಹಿ ಇದೆಯೋ ಇಲ್ಲವೋ’ ಎಂದು ತಿಳಿಯಬಹುದೇ?

ರೈತನ ಮಟ್ಟದಲ್ಲಿ ಇಲ್ಲ. ವೆನಾಮಿಯಲ್ಲಿ 44 ಜೊತೆ ವರ್ಣತಂತುಗಳು. 2019ರಲ್ಲಿ ಪ್ರಕಟವಾದ ಅದರ ಜೀನೋಮ್‌ನಲ್ಲಿ ಸುಮಾರು 25 ಸಾವಿರ ವಂಶವಾಹಿಗಳನ್ನು ಗುರುತಿಸಿದ್ದಾರೆ. ತಾಳಿಕೆ ಎಂಬುದು ಅವುಗಳಲ್ಲಿ ಬಹಳಷ್ಟರ ಚೂರು ಚೂರು ಪಾಲು ಸೇರಿ ಆಗುವ ಗುಣ. ‘ಇದೊಂದು ಇದ್ದರೆ ಸಾಕು’ ಎನ್ನುವಂಥದ್ದಿಲ್ಲ. ತಳಿ ಕಂಪನಿಗಳು ಸಾವಿರಾರು ಗುರುತುಗಳನ್ನು ಒಟ್ಟಿಗೆ ಓದಿ ತಾಯ್ತಂದೆ ಆರಿಸುತ್ತವೆ. ಚೀಲದಲ್ಲಿ ಬಂದ ಮರಿಗೆ ಆ ಪರೀಕ್ಷೆಯಿಂದ ಉಪಯೋಗವಿಲ್ಲ.

ನೀವು ಮಾಡಿಸಬೇಕಾದದ್ದು ವೈರಸ್ ಇದೆಯೇ ಎಂಬ ಪಿಸಿಆರ್.

ಪಿಸಿಆರ್‌ಗೆ ಎಷ್ಟು ಮರಿ, ಹೇಗೆ ಕಳಿಸಬೇಕು?

ಎಕರೆಗೆ 1 ಲಕ್ಷ ಮರಿ ಬಿಟ್ಟರೆ ಚದರ ಮೀಟರಿಗೆ ಸುಮಾರು 25 ಬಿದ್ದಂತೆ. ಅದರಲ್ಲಿ ನೂರಕ್ಕೆ 2 ಮರಿಗೆ ಸೋಂಕಿದ್ದರೂ ಕೈಗೆ ಸಿಗಬೇಕು, ಅದೂ 95% ಖಾತ್ರಿಯಿಂದ, ಎಂದರೆ 150 ಮರಿ ಬೇಕು. ನೂರಕ್ಕೆ 5 ಇದ್ದರೆ 60, ನೂರಕ್ಕೆ 10 ಇದ್ದರೆ 30 ಸಾಕು. ಹತ್ತು ಮರಿ ಕಳಿಸಿ ‘ನೆಗೆಟಿವ್ ಬಂತು’ ಎಂದು ನಿಶ್ಚಿಂತರಾದರೆ ಅದು ಕಣ್ಣು ಮುಚ್ಚಿಕೊಂಡು ರಸ್ತೆ ದಾಟಿದ ಹಾಗೆ. ತೊಟ್ಟಿಯ ಒಂದೇ ಮೂಲೆಯಿಂದ ಎತ್ತಬೇಡಿ. ನಾಲ್ಕೂ ಬದಿ, ತಳ, ಮೇಲು ಎಲ್ಲ ಕಡೆಯಿಂದ ತೆಗೆಯಿರಿ. ನಿಸ್ತೇಜವಾಗಿರುವ ಮರಿಗಳನ್ನು ಬೇಕೆಂದೇ ಸೇರಿಸಿ.

ಕೆಡದಂತೆ ಇಡಲು 95% ಎಥನಾಲ್, ಒಂದು ಪಾಲು ಮರಿಗೆ ಹತ್ತು ಪಾಲು. ಡಬ್ಬಿ ತುಂಬ ಮರಿ ತುರುಕಿ ಮೇಲೊಂದಿಷ್ಟು ಸ್ಪಿರಿಟ್ ಸುರಿದರೆ ಒಳಗಿನದ್ದು ಕೊಳೆಯುತ್ತದೆ, ಡಿಎನ್‌ಎ ಮುರಿಯುತ್ತದೆ, ವರದಿ ಸುಳ್ಳೇ ನೆಗೆಟಿವ್ ಬರುತ್ತದೆ. ಫಾರ್ಮಲಿನ್‌ನಲ್ಲಿ ಹಾಕಿದ್ದೂ ಪಿಸಿಆರ್‌ಗೆ ಬಾರದು.

ದೊಡ್ಡ ಸೀಗಡಿಯಾದರೆ ಯಾವ ಅಂಗ ಎಂಬುದೂ ಮುಖ್ಯ. ಬಿಳಿಚುಕ್ಕೆ ವೈರಸ್‌ಗೆ ಕಿವಿರು ಅಥವಾ ಈಜುಗಾಲು ಕೊಡಿ. ತಲೆಯೊಳಗಿನ ಕಂದು ಯಕೃತ್ತು ಕೊಟ್ಟರೆ ತಪ್ಪು, ಅದರ ನಾಳಗಳ ಒಳಪದರದಲ್ಲಿ ಈ ವೈರಸ್ ಬೆಳೆಯುವುದಿಲ್ಲ. ಇಎಚ್‌ಪಿ ಎಂಬ ಸೂಕ್ಷ್ಮಪರಾವಲಂಬಿ ನೋಡಬೇಕಾದರೆ ಮಾತ್ರ ಅದೇ ಯಕೃತ್ತು ಅಥವಾ ಹಿಕ್ಕೆ ಬೇಕು. ಕಣ್ಣು ತೆಗೆದು ಕಳಿಸಿ. ಕಣ್ಣಿನಲ್ಲಿರುವ ವಸ್ತುಗಳು ಪಿಸಿಆರ್ ಕ್ರಿಯೆಗೆ ಅಡ್ಡಿ ಮಾಡುತ್ತವೆ.

ವರದಿಯಲ್ಲಿ ಸಿಟಿ ಸಂಖ್ಯೆ (ಪಿಸಿಆರ್‌ನ ಎಷ್ಟನೇ ಸುತ್ತಿನಲ್ಲಿ ವೈರಸ್ ಕಂಡಿತು ಎಂಬುದು) ಕೊಟ್ಟಿದ್ದರೆ ಹೀಗೆ ಓದಿ: ಸಂಖ್ಯೆ ಕಡಿಮೆಯಾದಷ್ಟೂ ವೈರಸ್ ಹೆಚ್ಚು. 3.3 ಕಡಿಮೆಯಾದರೆ ಸರಿಸುಮಾರು ಹತ್ತು ಪಟ್ಟು. 35 ಬಂದದ್ದನ್ನು ಮತ್ತೊಮ್ಮೆ ಮಾಡಿಸಿ, 20 ಬಂದದ್ದರ ಮೇಲೆ ಚರ್ಚೆಯೇ ಬೇಡ.

ಹುಲಿ ಸೀಗಡಿಗೆ ಐಎಚ್‌ಎಚ್‌ಎನ್‌ವಿ ಪಾಸಿಟಿವ್ ಬಂತು, ಆದರೆ ಸೀಗಡಿ ಗಟ್ಟಿಮುಟ್ಟಾಗಿದೆ. ಹೇಗೆ?

ಆ ವೈರಸ್‌ನ ಡಿಎನ್‌ಎ ತುಣುಕುಗಳು ಕೆಲವು ಹುಲಿ ಸೀಗಡಿಗಳ ಸ್ವಂತ ಜೀನೋಮ್‌ನಲ್ಲೇ ಹೊಲಿದುಕೊಂಡಿವೆ, ತಲೆಮಾರಿನಿಂದ ತಲೆಮಾರಿಗೆ ಬರುತ್ತವೆ. ಪಿಸಿಆರ್ ಆ ತುಣುಕನ್ನೇ ಹಿಡಿದರೆ ವೈರಸ್ ಇಲ್ಲದೆಯೂ ಪಾಸಿಟಿವ್ ಬರುತ್ತದೆ. ಜೀನೋಮ್‌ನಲ್ಲಿ ಸೇರಿದ ಭಾಗವನ್ನು ಬಿಟ್ಟು ಬೇರೆ ಭಾಗ ಹಿಡಿಯುವ ಪ್ರೈಮರ್‌ನಿಂದ (ಯಾವ ತುಣುಕು ಹುಡುಕಬೇಕೆಂದು ಪಿಸಿಆರ್‌ಗೆ ತೋರಿಸುವ ಡಿಎನ್‌ಎ ಚೂರು) ಮತ್ತೆ ಮಾಡಿಸಬೇಕು. ಇಂಥ ತುಣುಕುಗಳಿಂದ ಹುಟ್ಟುವ ಆರ್‌ಎನ್‌ಎ, ಬರಲಿರುವ ವೈರಸ್‌ನ ಗುರುತುಚೀಟಿಯಂತೆ ಸೀಗಡಿಗೆ ನೆರವಾಗುತ್ತದೆಂಬ ವಿಚಾರವೂ ಇದೆ. ಸೀಗಡಿ ವಿಜ್ಞಾನದಲ್ಲಿ ಈಗ ಎಲ್ಲಕ್ಕಿಂತ ಕುತೂಹಲದ ಜಾಗ ಅದು.

ಕಡಲಿಲ್ಲದ ಊರಿಗೆ ಕಡಲ ವೈರಸ್ ಎಲ್ಲಿಂದ ಬರುತ್ತದೆ?

ಮುಖ್ಯ ದಾರಿ ಮರಿಯೇ. ಎರಡನೆಯದು ಸಂತೆಯಿಂದ ತಂದ ಹಸಿ ಅಥವಾ ಮಂಜುಗಡ್ಡೆಯ ಸೀಗಡಿ. ಕರಾವಳಿಯವರ ಶೆಟ್ಲಿ, ಮರಾಠಿ ಮಾತಿನವರ ಕೋಳಂಬಿ, ಯಾವ ಹೆಸರಲ್ಲಿ ಬಂದರೂ ಸರಿ, ಹೆಪ್ಪುಗಟ್ಟಿಸಿದರೆ ವೈರಸ್ ಸಾಯುವುದಿಲ್ಲ. ಹೊಂಡದ ಕಾವಲುಗಾರನ ಊಟಕ್ಕೆ ತಂದದ್ದನ್ನು ಹೊಂಡದ ನೀರಲ್ಲೇ ತೊಳೆದು ಸಿಪ್ಪೆ ಬಿಸಾಡಿದರೆ ಕಥೆ ಮುಗಿಯಿತು.

ಮೂರನೆಯದು ಏಡಿ. ಈ ವೈರಸ್ ಹತ್ತು ಕಾಲಿನ ಚಿಪ್ಪುಪ್ರಾಣಿಗಳಿಗೆಲ್ಲ ತಗಲುವಂಥದ್ದು, ಸಿಹಿನೀರಿನ ಏಡಿಯೂ ಅದರಲ್ಲಿ ಸೇರಿದೆ. ಕಾಲುವೆ, ಹಳ್ಳ, ಕಬ್ಬಿನ ಗದ್ದೆಯ ಬದುವಿನ ಏಡಿ ತಾನು ಸಾಯದೆ ವೈರಸ್ ಹೊತ್ತು ತಿರುಗಬಹುದು. ಬದುವಿನ ಸುತ್ತ ಒಂದೂವರೆ ಅಡಿ ಎತ್ತರದ ನುಣುಪು ಪ್ಲಾಸ್ಟಿಕ್ ಹಾಳೆಯನ್ನು ಅರ್ಧ ಅಡಿ ಮಣ್ಣಲ್ಲಿ ಹೂಳಿ ನಿಲ್ಲಿಸಿ. ಎರಿ ಮಣ್ಣು ಒಣಗಿದಾಗ ಬಿರುಕು ಬಿಟ್ಟು ಹಾಳೆಯ ಕೆಳಗೇ ದಾರಿಯಾಗುತ್ತದೆ, ವಾರಕ್ಕೊಮ್ಮೆ ನಡೆದು ನೋಡಿ. ಕಾಗೆ, ಬೆಳ್ಳಕ್ಕಿ ಸತ್ತ ಸೀಗಡಿಯನ್ನು ಪಕ್ಕದ ಹೊಂಡಕ್ಕೆ ಬೀಳಿಸುವುದುಂಟು, ಮೇಲೆ ದಾರವಾದರೂ ಕಟ್ಟಿ.

ನೀರನ್ನು ಸಣ್ಣ ಕಣ್ಣಿನ ಬಲೆಚೀಲದಲ್ಲಿ ಸೋಸಿ, ಮರಿ ಬಿಡುವ ಮೊದಲು 60 ಪಿಪಿಎಂ (ಘನ ಮೀಟರಿಗೆ 60 ಗ್ರಾಂ) ಬ್ಲೀಚಿಂಗ್ ಪೌಡರ್ ಹಾಕುತ್ತಾರೆ. ಒಂದು ಎಕರೆ, 1.2 ಮೀಟರ್ ಆಳವೆಂದರೆ ಸುಮಾರು 4,850 ಘನ ಮೀಟರ್ ನೀರು. ಅದಕ್ಕೆ 290 ಕಿಲೊ ಬೇಕು. ಪುಡಿ ಹೊಸದಿರಲಿ, ಮುಗ್ಗಿದ ಚೀಲದಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ. ಸವಳು ನೀರಿನ ಪಿಎಚ್ 8.5 ಇದ್ದರೆ ಕ್ಲೋರಿನ್‌ನ ಕೊಲ್ಲುವ ರೂಪ ಹತ್ತನೇ ಒಂದು ಪಾಲಿನ ಆಸುಪಾಸು ಮಾತ್ರ ಉಳಿದಿರುತ್ತದೆ. ಆದ್ದರಿಂದ ಸುಣ್ಣ ಹಾಕಿದ ಬೆನ್ನಿಗೇ ಬ್ಲೀಚಿಂಗ್ ಬೇಡ. ಬಿಸಿಲಿಗೆ ಕ್ಲೋರಿನ್ ಒಡೆಯುವುದರಿಂದ ಸಂಜೆ ಹಾಕಿ. ಮೂರು-ನಾಲ್ಕು ದಿನ ಬಿಟ್ಟು, ಕಿಟ್‌ನಲ್ಲಿ ಕ್ಲೋರಿನ್ ಸೊನ್ನೆ ಬಂದ ಮೇಲೆ ಮರಿ.

ನಮ್ಮ ನೀರು ಉಪ್ಪಾಗಿದೆ, ಸಾಕಲ್ಲ? ಪೊಟ್ಯಾಷ್ ಯಾಕೆ?

ಉಪ್ಪಿದ್ದರೆ ಸಾಲದು, ಉಪ್ಪಿನ ಬೆರಕೆ ಸರಿಯಿರಬೇಕು. ಸಮುದ್ರದ ನೀರಿನಲ್ಲಿ 28 ಪಾಲು ಸೋಡಿಯಂಗೆ 1 ಪಾಲು ಪೊಟ್ಯಾಸಿಯಂ. ಎರಿ ಮಣ್ಣಿನ ಜೇಡಿ ಪೊಟ್ಯಾಸಿಯಂ ಅನ್ನು ಹಿಡಿದು ಬಿಡುವುದಿಲ್ಲ, ಹಾಗಾಗಿ ನಮ್ಮ ಸವಳು ಬಾವಿಯ ನೀರಿನಲ್ಲಿ ಅದರ ಕೊರತೆ ಸಾಮಾನ್ಯ. ಕಿವಿರಿನಲ್ಲಿ ಉಪ್ಪು ಸಾಗಿಸುವ ಪಂಪು ಸೋಡಿಯಂ-ಪೊಟ್ಯಾಸಿಯಂ ಎರಡರಿಂದಲೂ ನಡೆಯುವಂಥದ್ದು. ಪೊಟ್ಯಾಸಿಯಂ ಇಲ್ಲದಿದ್ದರೆ ಸೀಗಡಿಯ ಶಕ್ತಿಯೆಲ್ಲ ಅಲ್ಲೇ ಸೋರುತ್ತದೆ, ರಕ್ತಕಣ ಇಳಿಯುತ್ತವೆ, ಪೊರೆ ಬಿಡುವಾಗ ಸಿಕ್ಕಿಕೊಳ್ಳುತ್ತದೆ, ಬಲೆ ಎಳೆದಾಗ ಬಾಲ ಸೆಟೆದು ಕೊಕ್ಕೆಯಾಗುತ್ತದೆ. ಎಂಥ ಒಳ್ಳೆಯ ವಂಶವಾಹಿ ಇದ್ದರೂ ಅದನ್ನು ನಡೆಸುವ ಇಂಧನವಿರುವುದಿಲ್ಲ.

ಲೆಕ್ಕ ಹೀಗೆ. ಉಪ್ಪಿನಂಶವನ್ನು (ಪಿಪಿಟಿ, ಅಂದರೆ ಸಾವಿರಕ್ಕೆ ಎಷ್ಟು ಪಾಲು) 10.7ರಿಂದ ಗುಣಿಸಿದರೆ ಲೀಟರಿಗೆ ಎಷ್ಟು ಮಿಲಿಗ್ರಾಂ ಪೊಟ್ಯಾಸಿಯಂ ಬೇಕೆಂದು ಸಿಗುತ್ತದೆ. 5 ಪಿಪಿಟಿ ನೀರಿಗೆ ಸುಮಾರು 53. ನಿಮ್ಮ ವರದಿಯಲ್ಲಿ 13 ಇದ್ದರೆ ಕೊರತೆ 40. ಒಂದು ಎಕರೆ 1.2 ಮೀಟರ್ ನೀರಿಗೆ ಅದು 194 ಕಿಲೊ ಪೊಟ್ಯಾಸಿಯಂ. ಕಬ್ಬಿಗೆ ಹಾಕುವ ಮ್ಯೂರಿಯೇಟ್ ಆಫ್ ಪೊಟ್ಯಾಷ್‌ನಲ್ಲಿ ಅರ್ಧದಷ್ಟು ಪೊಟ್ಯಾಸಿಯಂ ಇರುವುದರಿಂದ 390 ಕಿಲೊ, ಅಂದರೆ 50 ಕಿಲೊದ ಎಂಟು ಚೀಲ. ಒಂದೇ ದಿನ ಸುರಿಯಬೇಡಿ. ಡ್ರಮ್‌ನಲ್ಲಿ ಕರಗಿಸಿ, ಮರಿ ಬಿಡುವ ಮೊದಲೇ ನಾಲ್ಕೈದು ದಿನದಲ್ಲಿ ಮುಗಿಸಿ. ವಾರ ಬಿಟ್ಟು ಮತ್ತೆ ನೀರು ಪರೀಕ್ಷಿಸಿ, ತಳದ ಎರಿ ಮಣ್ಣು ಒಂದು ಪಾಲು ನುಂಗಿರುತ್ತದೆ. ಮೆಗ್ನೀಸಿಯಂಗೆ ಇದೇ ರೀತಿ 39ರಿಂದ, ಕ್ಯಾಲ್ಸಿಯಂಗೆ 11.6ರಿಂದ ಗುಣಿಸಿ ನೋಡಿ.

ಮರಿ ಒಗ್ಗಿಸುವಾಗ ಹ್ಯಾಚರಿಯಲ್ಲೇ ಉಪ್ಪಿನಂಶವನ್ನು 10 ಪಿಪಿಟಿ ಹತ್ತಿರ ಇಳಿಸಿ ಕಳಿಸಲು ಹೇಳಿ. ಪಿಎಲ್-12ಕ್ಕಿಂತ, ಅಂದರೆ ಮರಿಯ ಹಂತಕ್ಕೆ ಬಂದು 12 ದಿನವಾದದ್ದಕ್ಕಿಂತ, ಎಳೆಯ ಮರಿ ಬೇಡ, ಕಿವಿರು ಬಲಿತಿರುವುದಿಲ್ಲ. 10ರಿಂದ ಕೆಳಗೆ ತಾಸಿಗೆ 1 ಪಿಪಿಟಿಗಿಂತ ಹೆಚ್ಚು ಇಳಿಸಬೇಡಿ.

ಯಾವ ಹಂಗಾಮಿನಲ್ಲಿ ಬಿಟ್ಟರೆ ವೈರಸ್ ಕಾಟ ಕಡಿಮೆ?

ನೀರಿನ ಬಿಸಿ ಇಲ್ಲಿ ದೊಡ್ಡ ಪಾತ್ರ ವಹಿಸುತ್ತದೆ. ನೀರು 32 ಡಿಗ್ರಿ ದಾಟಿ ನಿಂತಾಗ ವೆನಾಮಿಯಲ್ಲಿ ಬಿಳಿಚುಕ್ಕೆಯ ಸಾವು ಗಣನೀಯವಾಗಿ ಇಳಿಯುವುದು ಪ್ರಯೋಗಗಳಲ್ಲಿ ಕಂಡಿದೆ. 25ರಿಂದ 28ರ ನಡುವೆ ಅದೇ ವೈರಸ್ ಅಬ್ಬರಿಸುತ್ತದೆ. ಬಿಸಿ ವೈರಸ್ಸನ್ನು ಕೊಲ್ಲುವುದಿಲ್ಲ, ಅದರ ಬೆಳವಣಿಗೆ ತಡೆಯುತ್ತದೆ ಅಷ್ಟೆ. ತಣಿದರೆ ಮತ್ತೆ ಎದ್ದೇಳುತ್ತದೆ.

ವಿಜಯಪುರ, ಬಾಗಲಕೋಟೆಯ ಬಿಸಿಲು ಈ ಒಂದು ವಿಷಯದಲ್ಲಿ ಉಪಕಾರಿ. ಫೆಬ್ರುವರಿ ಕೊನೆಗೆ ಅಥವಾ ಮಾರ್ಚ್ ಮೊದಲಿಗೆ ಮರಿ ಬಿಟ್ಟು, ಮಳೆಗಾಲ ಬಲಿಯುವ ಮೊದಲೇ ಹಿಡಿಯುವುದು ಸರಿ. ನವೆಂಬರ್‌ನಿಂದ ಜನವರಿವರೆಗೆ ಬೇಡವೇ ಬೇಡ, ರಾತ್ರಿ ಚಳಿಗೆ ಆಳವಿಲ್ಲದ ಹೊಂಡ ತಣ್ಣಗಾಗಿ, ಹಗಲು ಏರಿ, ಆ ಏರಿಳಿತವೇ ರೋಗ ಕರೆಯುತ್ತದೆ. ಬೇಸಿಗೆಯಲ್ಲೂ ಆಳ ಒಂದೂವರೆ ಮೀಟರ್ ಇಟ್ಟುಕೊಳ್ಳಿ, 35 ಡಿಗ್ರಿ ದಾಟಿದರೆ ಬೇರೆ ತೊಂದರೆ ಶುರುವಾಗುತ್ತದೆ. ಕೃಷ್ಣೆ, ಘಟಪ್ರಭೆಯ ದಂಡೆಯವರಿಗೆ 2019ರ ಆಗಸ್ಟ್ ಪ್ರವಾಹ ನೆನಪಿರುತ್ತದೆ. ಆ ನೀರು ಬಂದು ಹೋದ ಜಾಗದಲ್ಲಿ ಹೊಂಡ ತೋಡಬೇಡಿ.

ಚಿಪ್ಪಿನ ಮೇಲೆ ಬಿಳಿ ಚುಕ್ಕೆ ಕಂಡರೆ ಅದೇ ರೋಗವೇ?

ನಮ್ಮ ಗಡಸು ನೀರಿನಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಕ್ಷಾರ ಹೆಚ್ಚಿದ್ದರೆ, ಕೆಲವು ಬ್ಯಾಕ್ಟೀರಿಯಾ ಇದ್ದರೆ ಕೂಡ ಚುಕ್ಕೆ ಬೀಳುತ್ತದೆ. ತಲೆಯ ಚಿಪ್ಪು ಬಿಡಿಸಿ, ಒಳಗಿನ ತೊಗಲು ಉಗುರಿನಿಂದ ಉಜ್ಜಿ ತೆಗೆದು, ಬೆಳಕಿಗೆ ಹಿಡಿಯಿರಿ. ರೋಗದ ಚುಕ್ಕೆ ಚಿಪ್ಪಿನ ಒಳಗೇ ಕೂತ ಸುಣ್ಣದ ಕಲೆ, ಸಾಮಾನ್ಯವಾಗಿ ಅರ್ಧದಿಂದ 2 ಮಿಲಿಮೀಟರ್, ಉಜ್ಜಿದರೆ ಹೋಗದು. ಆದರೆ ವೆನಾಮಿಯಲ್ಲಿ ಚುಕ್ಕೆಯೇ ಇಲ್ಲದೆ ಮೈ ಕೆಂಪಾಗಿ ಸಾಯುವುದೂ ಇದೆ. ಹಾಗಾಗಿ ಚುಕ್ಕೆ ಇಲ್ಲವೆಂದು ಸುಮ್ಮನಾಗಬೇಡಿ.

ಹೊಂಡದ ದಂಡೆಯಲ್ಲೇ ಮಾಡಬಹುದಾದ ಇನ್ನೊಂದು ಪರೀಕ್ಷೆ ರಕ್ತದ್ದು. ಸೂಜಿಯಲ್ಲಿ ಹೊಟ್ಟೆಯ ಕಡೆ ಮೊದಲ ಗೆಣ್ಣಿನ ಬುಡದಿಂದ ಒಂದು ಹನಿ ಎಳೆದು ಗಾಜಿನ ಮೇಲೆ ಹಾಕಿ, ಸೂಜಿ ತುದಿಯಿಂದ ಎತ್ತುತ್ತ ನೋಡಿ. ಗಟ್ಟಿ ಸೀಗಡಿಯ ರಕ್ತ ಬೇಗ ಹೆಪ್ಪುಗಟ್ಟಿ ಲೋಳೆಯಂತೆ ಎಳೆಯುತ್ತದೆ. ಬಿಳಿಚುಕ್ಕೆ ಬಲಿತ ಸೀಗಡಿಯದು ರಕ್ತಕಣ ಬರಿದಾಗಿ ನೀರಿನಂತೆಯೇ ಉಳಿಯುತ್ತದೆ. ಇದು ಸುಳಿವು ಮಾತ್ರ, ಬೇರೆ ರೋಗದಲ್ಲೂ ಹೀಗಾಗಬಹುದು. ತೀರ್ಮಾನ ಪಿಸಿಆರ್‌ನದೇ.

ಬೀಟಾ ಗ್ಲುಕನ್, ವಿಟಮಿನ್ ಸಿ, ‘ಇಮ್ಯೂನ್ ಬೂಸ್ಟರ್’ ಕೊಟ್ಟರೆ?

ಗ್ಲುಕನ್ ಶಿಲೀಂಧ್ರದ ಗೋಡೆಯ ವಸ್ತು, ಸೀಗಡಿ ಅದನ್ನು ವೈರಿಯೆಂದೇ ತಿಳಿದು ಎಚ್ಚರಗೊಳ್ಳುತ್ತದೆ. ಕಿಲೊ ಆಹಾರಕ್ಕೆ 1ರಿಂದ 2 ಗ್ರಾಂ, ಒಂದು ವಾರ ಕೊಟ್ಟು ಎರಡು-ಮೂರು ವಾರ ಬಿಡಿ. ನಿತ್ಯ ಕೊಟ್ಟರೆ ರಕ್ಷಣೆ ದಣಿದು ಬೆಳವಣಿಗೆ ಕುಂದುತ್ತದೆ. ಮರಿ ಬಿಡುವ ಮುನ್ನ, ಮೋಡ ಮುಸುಕಿದ ವಾರದ ಮೊದಲು ಕೊಟ್ಟರೆ ಅರ್ಥವಿದೆ. ರೋಗ ಬಂದ ಮೇಲೆ ಕೊಟ್ಟರೆ ಅಂಗಡಿಯವರಿಗಷ್ಟೇ ಲಾಭ. ಆ್ಯಂಟಿಬಯೋಟಿಕ್ ವೈರಸ್‌ಗೆ ನಾಟುವುದೇ ಇಲ್ಲ. ಕ್ಲೋರಾಂಫೆನಿಕಾಲ್, ನೈಟ್ರೊಫ್ಯೂರಾನ್‌ನಂಥವು ನಿಷೇಧಿತ, ಅವುಗಳ ಅಂಶ ಸಿಕ್ಕರೆ ರಫ್ತಿನ ಮಾಲು ತಿರಸ್ಕೃತ.

ಎರಡೆಳೆ ಆರ್‌ಎನ್‌ಎ ಮದ್ದಿನ ಸುದ್ದಿ ಓದಿದೆವು. ಅದೇನು?

ಡೈಸರ್-2ಕ್ಕೆ ಮೊದಲೇ ಮಾದರಿ ಕೊಡುವ ಉಪಾಯ. ವೈರಸ್‌ನ ವಿಪಿ-28 ವಂಶವಾಹಿಯ ಎರಡೆಳೆ ಆರ್‌ಎನ್‌ಎ ಚುಚ್ಚಿದರೆ ಸೀಗಡಿ ಅದನ್ನು ಕೊಚ್ಚಿ ಇಟ್ಟುಕೊಂಡು, ನಿಜವಾದ ವೈರಸ್ ಬಂದಾಗ ಬೇಗ ಕತ್ತರಿಸುತ್ತದೆ. ಸೀಗಡಿಯದೇ ರ‍್ಯಾಬ್-7 ಎಂಬ ವಂಶವಾಹಿಯನ್ನು ಹೀಗೆ ತಾತ್ಕಾಲಿಕ ಮುಚ್ಚಿದರೂ ವೈರಸ್ ಒಳಗೆ ಸಾಗುವ ದಾರಿ ಕಟ್ಟಾಗುತ್ತದೆ. ಪ್ರಯೋಗಾಲಯದಲ್ಲಿ ಫಲ ಚೆನ್ನಾಗಿದೆ. ಲಕ್ಷ ಮರಿಗೆ ಲಕ್ಷ ಸೂಜಿ ಚುಚ್ಚಲಾದೀತೇ? ಆಹಾರದಲ್ಲಿ ಬೆರೆಸಿದರೆ ಕರುಳಲ್ಲಿ ಒಡೆಯುತ್ತದೆ, ಪರಿಣಾಮವೂ ಕೆಲವು ವಾರದ್ದೇ.

ಕಾಲೇಜು ಪ್ರಾಜೆಕ್ಟ್‌ಗೆ ವಂಶವಾಹಿ ಅಭಿವ್ಯಕ್ತಿ ಅಳೆಯಬೇಕು. ಎಲ್ಲಿ ತಪ್ಪಾಗುತ್ತದೆ?

ಸೀಗಡಿಯ ಪೊರೆ ಬಿಡುವ ಹಂತ ನೋಡದೆ ಕಲಸುವುದು ಮೊದಲ ತಪ್ಪು. ಈಗಷ್ಟೇ ಪೊರೆ ಬಿಟ್ಟದ್ದರ ರಕ್ಷಣಾ ವಂಶವಾಹಿಗಳು ಬೇರೆಯೇ ಮಟ್ಟದಲ್ಲಿರುತ್ತವೆ. ಹಿಡಿದ ದಿನವೇ ಮಾದರಿ ತೆಗೆದರೆ ಹಿಡಿದ ಗಾಬರಿಯನ್ನೇ ಅಳೆದಂತೆ, ವಾರವಾದರೂ ಒಗ್ಗಲಿ. ಬರೀ ಉಪ್ಪುದ್ರಾವಣ ಚುಚ್ಚಿದ ಗುಂಪು ಇರಲೇಬೇಕು, ಚುಚ್ಚುವಿಕೆಯೇ ವಂಶವಾಹಿ ಏರಿಸುತ್ತದೆ.

ರಕ್ತಕ್ಕೆ 1 ಮಿಲಿಲೀಟರ್ ಸಿರಿಂಜು, 26 ಗೇಜ್ ಸೂಜಿ. ಹೆಪ್ಪುತಡೆ ದ್ರಾವಣವನ್ನು ಮೊದಲೇ ಎಳೆದಿಟ್ಟುಕೊಂಡು, ಅಷ್ಟೇ ಪ್ರಮಾಣದ ರಕ್ತ ಎಳೆಯಿರಿ, ಮಂಜಿನ ಮೇಲಿಡಿ. ತಕ್ಷಣ ತಿರುಗಿಸಿ ಕಣ ಬೇರ್ಪಡಿಸಿ, ಆರ್‌ಎನ್‌ಎ ರಕ್ಷಕ ದ್ರಾವಣಕ್ಕೆ ಹಾಕಿ. ಹೋಲಿಕೆಗೆ ಬೀಟಾ ಆ್ಯಕ್ಟಿನ್ ಒಂದನ್ನೇ ನೆಚ್ಚಬೇಡಿ, ಸೋಂಕಿನಲ್ಲಿ ಅದೂ ಅಲ್ಲಾಡುತ್ತದೆ. ಇಎಫ್-1 ಆಲ್ಫಾ ಸೇರಿಸಿ ಎರಡಾದರೂ ಇರಲಿ. ಜೀವಂತ ವೈರಸ್‌ನ ಪ್ರಯೋಗ ಮಾತ್ರ ಅದಕ್ಕೆಂದೇ ಇರುವ ಸುರಕ್ಷಿತ ಪ್ರಯೋಗಾಲಯದ ಕೆಲಸ. ತೆರೆದ ಲ್ಯಾಬಿನ ಸಿಂಕಿಗೆ ಆ ನೀರು ಹೋಗಬಾರದು.

ನಮ್ಮ ಹೊಂಡದ ದೊಡ್ಡ ಸೀಗಡಿಯನ್ನೇ ತಾಯಿ ಮಾಡಿ ಮರಿ ತೆಗೆಯಬಹುದೇ?

ಬೇಡ. ಅನುಮತಿಯಿಲ್ಲ. ಒಂದೇ ಕುಟುಂಬದ ಅಣ್ಣತಂಗಿಯರ ಕೂಡಿಕೆಯಿಂದ ಹುಟ್ಟಿದ ಮರಿಯ ತಾಳಿಕೆಯೂ ಕುಸಿಯುತ್ತದೆ.

ರೋಗ ಬಂದೇಬಿಟ್ಟಿತು. ಮೊದಲ ದಿನ ಏನು ಮಾಡಬೇಕು?

ಮೊದಲ ಸುಳಿವು ಚೆಕ್ ಟ್ರೇ, ಅಂದರೆ ಸೀಗಡಿ ಎಷ್ಟು ತಿಂದಿತೆಂದು ನೋಡಲು ಹೊಂಡದಲ್ಲಿ ಇಳಿಬಿಡುವ ತಟ್ಟೆ. ನಿನ್ನೆ ಖಾಲಿಯಾದ ತಟ್ಟೆಯಲ್ಲಿ ಇಂದು ಆಹಾರ ಉಳಿದರೆ, ಹಗಲು ಹೊತ್ತೇ ಸೀಗಡಿ ದಂಡೆಗೆ ಬಂದು ನಿಂತರೆ ತಡ ಮಾಡಬೇಡಿ. ಆಹಾರ ನಿಲ್ಲಿಸಿ, ಗಾಳಿ ಯಂತ್ರ ನಡೆಯುತ್ತಿರಲಿ. ಸತ್ತದ್ದನ್ನು ತಾಸಿಗೊಮ್ಮೆ ಎತ್ತಿ ಸುಣ್ಣ ಹಾಕಿ ಹೂಳಿ. ಪಿಸಿಆರ್‌ಗೆ ಮಾದರಿ ಆ ಕ್ಷಣವೇ ತೆಗೆಯಿರಿ, ಮರುದಿನ ಕೊಳೆತದ್ದು ಕೆಲಸಕ್ಕೆ ಬಾರದು. ಈ ಹೊಂಡದ ಬಲೆ, ಬುಟ್ಟಿ, ಆಳು ಬೇರೆ ಹೊಂಡಕ್ಕೆ ಹೋಗಬಾರದು.

ಮಾರುವ ಗಾತ್ರವಿದ್ದರೆ ಬಲೆಯಲ್ಲಿ ಹಿಡಿದು ಮುಗಿಸಿ. ತೂಬು ತೆರೆದು ಹಿಡಿಯಬೇಡಿ. ಈ ವೈರಸ್ ಮನುಷ್ಯನಿಗೆ ತಗಲುವಂಥದ್ದಲ್ಲ, ತಿನ್ನಲು ತೊಂದರೆಯಿಲ್ಲ. ಹಿಡಿದ ಮೇಲೆ ನೀರಿಗೆ ಬ್ಲೀಚಿಂಗ್ ಹಾಕಿ ಕನಿಷ್ಠ ಒಂದು ವಾರ ಕಟ್ಟಿಡಿ. ನಂತರ ತಳ ಬಿರುಕು ಬಿಡುವವರೆಗೆ, ಒಂದು ತಿಂಗಳಾದರೂ ಒಣಗಿಸಿ. ಎರಿ ಮಣ್ಣು ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ. ಗುಂಡಿ, ತೂಬಿನ ಬಾಯಿಯಲ್ಲಿ ನಿಂತ ತೇವಕ್ಕೆ ಸುಣ್ಣ ಬೇರೆಯಾಗಿ ಹಾಕಿ.

ಅನುಮತಿ ಯಾರಿಂದ? ಹಳೆಯ ನೀರು ಎಲ್ಲಿ ಬಿಡಬೇಕು?

ಕರಾವಳಿ ಜಲಕೃಷಿ ಪ್ರಾಧಿಕಾರದ 2005ರ ಕಾಯ್ದೆ ಕರಾವಳಿ ಪ್ರದೇಶಕ್ಕೆ ಸಂಬಂಧಿಸಿದ್ದು. ಒಳನಾಡಿನಲ್ಲಿ ಮೊದಲು ಜಿಲ್ಲೆಯ ಮೀನುಗಾರಿಕೆ ಇಲಾಖೆಯನ್ನು ಕೇಳಿ, ಗುಂಡಿ ತೋಡಿದ ಮೇಲಲ್ಲ. ವಿಜಯಪುರದ ಭೂತನಾಳದಲ್ಲಿ ಮೀನುಗಾರಿಕೆ ಸಂಶೋಧನೆ ಮತ್ತು ಮಾಹಿತಿ ಕೇಂದ್ರವೂ ಇದೆ.

ಹಳೆಯ ನೀರನ್ನು ಹಳ್ಳಕ್ಕಾಗಲಿ ಕಾಲುವೆಗಾಗಲಿ ಪಕ್ಕದವರ ಹೊಲಕ್ಕಾಗಲಿ ಬಿಡುವಂತಿಲ್ಲ. ಉಪ್ಪು ಅವರ ಭೂಮಿಯನ್ನೂ ಸವಳು ಮಾಡುತ್ತದೆ. ಒಳ್ಳೆಯ ಭೂಮಿಯ ನಡುವೆ ಹೊಂಡ ತೋಡುವುದೂ ಅದೇ ತಪ್ಪು, ಸೋರಿಕೆ ನಿಲ್ಲದು. ಒಂದು ಬೇರೆ ಹೊಂಡವನ್ನು ಪ್ಲಾಸ್ಟಿಕ್ ಹಾಸಿ ಇಟ್ಟುಕೊಂಡು, ಕ್ಲೋರಿನ್ ಆದ ನೀರನ್ನು ಅಲ್ಲಿ ತಂಗಿಸಿ, ಮುಂದಿನ ಬೆಳೆಗೆ ಅದನ್ನೇ ತಿರುಗಿ ಏರಿಸಿ. ಹಾಕಿದ ಪೊಟ್ಯಾಷ್‌ನ ದುಡ್ಡೂ ಆ ನೀರಿನಲ್ಲೇ ಇರುತ್ತದೆ.